ಕಪ್ಪತಗುಡ್ಡಕ್ಕೆ ನಡೆಯಲೆಂದೇ ಬರುವ ಪರಸ್ಥಳದವರು ಏನನ್ನು ಬಯಸಿ ಬರುತ್ತಾರೆ?

ಪ್ರಶ್ನೆ: ಡಂಬಳ ಸೀಮೆಯ ರೈತ

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲದ ಕೊನೆಯ ವಡ್ಡಿನ ಮೇಲೆ ನಿಂತರೆ ಗದಗ ಜಿಲ್ಲೆಯ ಕಪ್ಪತಗುಡ್ಡ ಕಣ್ಣೆದುರಿಗೇ ಇದೆ. ಹುಟ್ಟಿದಾಗಿನಿಂದ ನೋಡುತ್ತ ಬಂದ ಗುಡ್ಡವಾದ್ದರಿಂದ, ದೂರದೂರಿನವರು ಬಂದು ನೋಡುವಂಥದ್ದು ಅದರಲ್ಲಿ ಏನಿದೆ ಎಂದು ನಾನು ಎಂದೂ ಯೋಚಿಸಿದವನಲ್ಲ. ಕಳೆದ ಶ್ರಾವಣದಲ್ಲಿ ನನ್ನ ಸೋದರಳಿಯ ಬೆಂಗಳೂರಿನಿಂದ ನಾಲ್ವರು ಗೆಳೆಯರನ್ನು ಕರೆದುಕೊಂಡು ಬಂದ. ಅವರಲ್ಲಿ ಇಬ್ಬರು ಪುಣೆಯವರು. ಅರಣ್ಯ ಇಲಾಖೆಯ ಅನುಮತಿ ಪಡೆದು, ವಾಚರ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಗುಡ್ಡ ಹತ್ತುವುದೆಂದು ನಿಶ್ಚಯವಾಯಿತು. ಅತಿಥಿಗಳಿಗೆ ಶ್ರಮವಾಗಬಾರದೆಂದು ನಾನು, ಕಪ್ಪತ ಮಲ್ಲೇಶ್ವರನ ಗುಡಿಯ ಕಡೆಗೆ ಗಾಡಿಯಲ್ಲೇ ಹೋಗಿಬಿಡಬಹುದು ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಮಾಮಾ, ಗಾಡಿ ಹೋಗದ ದಾರಿ ಯಾವುದಿದೆ?" ಎಂದು ಕೇಳಿದರು.

ಅಂಥ ದಾರಿ ನಮ್ಮಲ್ಲಿ ಬೇಕಾದಷ್ಟಿವೆ. ದನ ಕಾಯುವವರೂ ಔಷಧಿ ಬೇರು ಅರಸುತ್ತಿದ್ದ ಹಿರಿಯರೂ ತುಳಿದು ಮಾಡಿದ ಕಾಲುದಾರಿಗಳು. ಅವುಗಳಲ್ಲಿ ವಾಚರ್ ಒಪ್ಪಿದ ಒಂದರಲ್ಲಿ ಹೊರಟೆವು. ನನಗೆ ಅಚ್ಚರಿಯಾದದ್ದು ಅವರು ನಿಂತ ಜಾಗಗಳನ್ನು ಕಂಡು. ನಾನು ಕೈತೋರಿಸಿದ ಗಾಳಿಯಂತ್ರಗಳ ಕಡೆಗೆ ಅವರು ಸರಿಯಾಗಿ ನೋಡಲೂ ಇಲ್ಲ. ಆದರೆ ಮೊಣಕಾಲುದ್ದ ನೀರೂ ಇಲ್ಲದ ಒಂದು ಹಳ್ಳದ ಕಲ್ಲುಹಾಸಿನ ಮೇಲೆ, ಯಾರೂ ಮಾತನಾಡದೆ, ಒಂದು ತಾಸು ಕುಳಿತರು. ಸಂಜೆ ಡಂಬಳದ ದೊಡ್ಡಬಸಪ್ಪನ ಗುಡಿಗೆ ಕರೆದೊಯ್ದಾಗ ಅದರ ನಕ್ಷತ್ರಾಕಾರದ ಗೋಡೆಯನ್ನು ಸುತ್ತಿ ಸುತ್ತಿ ನೋಡಿ ಸಂತೋಷಪಟ್ಟರಾದರೂ, ರಾತ್ರಿ ಊಟಕ್ಕೆ ಕುಳಿತಾಗ ಮಾತೆಲ್ಲ ಆ ಹಳ್ಳದ್ದೇ ಆಗಿತ್ತು.

ಇದನ್ನೆಲ್ಲ ಬರೆಯಲು ಕಾರಣವಿದೆ. ಅವರು ಬಂದುಹೋದ ಮೇಲೆ ನಮ್ಮೂರ ಹುಡುಗರಲ್ಲಿ ಉತ್ಸಾಹ ಹುಟ್ಟಿದೆ. ಗುಡ್ಡದ ದಾರಿಗೆ ಸಿಮೆಂಟ್ ಮೆಟ್ಟಿಲು, ಹಿಡಿದುಕೊಳ್ಳಲು ಉಕ್ಕಿನ ಕಂಬಿ, ತುದಿಯಲ್ಲೊಂದು ವೀಕ್ಷಣಾ ಗೋಪುರ, ಒಂದು ಚಹಾದಂಗಡಿ ಬೇಕೆಂದು ಅರ್ಜಿ ಬರೆದಿದ್ದಾರೆ; ಮೊದಲ ಸಹಿ ನನ್ನದೇ ಆಗಬೇಕಂತೆ. ಹೊರಗಿನವರು ಬಂದು ಊರಿಗೆ ನಾಲ್ಕು ಕಾಸು ಸಿಗುವುದು ನನಗೂ ಬೇಕಾದದ್ದೇ. ಆದರೆ ಸಹಿ ಹಾಕಲು ಕೈ ಏಳುತ್ತಿಲ್ಲ. ಊರೂರು ನಡೆದು ಬಲ್ಲವರು ತಿಳಿಸಿ: ಇಂಥವರು ನಿಜವಾಗಿ ಏನನ್ನು ಅರಸಿ ಬರುತ್ತಾರೆ? ನಾವು ಕಟ್ಟಿಸಬೇಕೆಂದಿರುವುದು ಅವರನ್ನು ಕರೆತರುತ್ತದೆಯೇ, ಓಡಿಸುತ್ತದೆಯೇ?

ಉತ್ತರ 1: ಹುಬ್ಬಳ್ಳಿಯ ಚಾರಣಿಗ

ಹಿರಿಯರೇ, ತಾವು ಸಹಿ ಹಾಕದೆ ತಡೆದದ್ದು ಒಳ್ಳೆಯದಾಯಿತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ವರ್ಷಕ್ಕೆ ಮೂರು ನಾಲ್ಕು ಸಲ ರಜೆ ಹೊಂದಿಸಿಕೊಂಡು ಪಶ್ಚಿಮ ಘಟ್ಟಗಳಲ್ಲಿ ನಡೆಯುತ್ತೇನೆ. ಹತ್ತಿರದ ದಾಂಡೇಲಿಯಿಂದ ಹಿಡಿದು ಕುದುರೆಮುಖ, ಕುಮಾರಪರ್ವತಗಳವರೆಗೆ ಕಾಲಿಟ್ಟಿದ್ದೇನೆ. ನಡೆಯುವವನ ಕಡೆಯಿಂದ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಬಹಳ ಜನ ಭಾವಿಸುವಂತೆ ನಾವು ತುದಿಯ ನೋಟಕ್ಕಾಗಿ ಹೋಗುವುದಿಲ್ಲ. ನೋಟವೊಂದೇ ಬೇಕಿದ್ದರೆ ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೆ ರಸ್ತೆಯೇ ಇದೆ. ಅಲ್ಲಿ ನಾನು ಕಳೆದದ್ದು ಇಪ್ಪತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸಲು ಜಾಗ ಹುಡುಕುವುದಕ್ಕೇ ಹೋಯಿತು. ನಡೆದು ತಲುಪಿದ ಜಾಗದ ಸಂಗತಿಯೇ ಬೇರೆ. ಮೊದಲ ಒಂದು ತಾಸು ತಲೆಯಲ್ಲಿ ಕಚೇರಿಯೇ ಇರುತ್ತದೆ. ಏದುಸಿರು ಬರುವ ಏರು ಒಂದೆರಡು ಕಳೆದ ಮೇಲೆ, ಮುಂದಿನ ಹೆಜ್ಜೆ ಯಾವ ಕಲ್ಲಿನ ಮೇಲೆ, ಬಾಟಲಿಯಲ್ಲಿ ನೀರು ಎಷ್ಟು ಉಳಿದಿದೆ, ಮೋಡ ಯಾವ ಕಡೆಯಿಂದ ಏಳುತ್ತಿದೆ ಎಂಬಷ್ಟಕ್ಕೆ ಮನಸ್ಸು ಇಳಿಯುತ್ತದೆ. ಈ ಇಳಿಯುವಿಕೆಗಾಗಿಯೇ ನಾವು ಎಂಟು ತಾಸು ರೈಲಿನಲ್ಲಿ ಕುಳಿತು ಬರುತ್ತೇವೆ. ಮೆಟ್ಟಿಲು ಇದನ್ನು ಕೆಡಿಸುತ್ತದೆ, ಏಕೆಂದರೆ ಒಂದೇ ಅಳತೆಯ ಮೆಟ್ಟಿಲು ಹತ್ತುವಾಗ ಕಾಲು ಏನನ್ನೂ ಯೋಚಿಸಬೇಕಾಗಿಲ್ಲ, ಹಾಗಾಗಿ ತಲೆ ಮತ್ತೆ ಕಚೇರಿಗೆ ಹೋಗುತ್ತದೆ.

ತಮ್ಮ ಗುಡ್ಡಕ್ಕೆ ಇನ್ನೊಂದು ವಿಶೇಷವಿದೆ. ಬಹುಶಃ ಅಲ್ಲಿಯವರಿಗೇ ಅದು ಎದ್ದು ಕಾಣಲಿಕ್ಕಿಲ್ಲ. ಮಲೆನಾಡಿನ ಕಾಡಿನಲ್ಲಿ ನಡೆಯುವವನಿಗೆ ಹತ್ತು ಹೆಜ್ಜೆಯಾಚೆ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಕಣ್ಣು ಇಂಬಳದ ಮೇಲೆಯೇ ಇರಬೇಕು. ಕಪ್ಪತಗುಡ್ಡದ್ದು ಕುರುಚಲು ಕಾಡು, ಹುಲ್ಲಿನ ಬೋಳು ಬೆನ್ನು. ಅಲ್ಲಿ ಹೊರಟ ಜಾಗವೂ ಹೋಗಬೇಕಾದ ಜಾಗವೂ ಒಟ್ಟಿಗೆ ಕಾಣುತ್ತವೆ. ಬೆಳಿಗ್ಗೆ ಬಿಟ್ಟುಬಂದ ಡಂಬಳದ ಕೆರೆ ಮಧ್ಯಾಹ್ನಕ್ಕೆ ಅಂಗೈಯಗಲ ಹೊಳೆಯುವಾಗ, ಇಷ್ಟು ದೂರ ನನ್ನ ಕಾಲೇ ನನ್ನನ್ನು ತಂದಿತೇ ಎಂಬ ಸಂತೋಷ ಬರುತ್ತದಲ್ಲ, ಅದನ್ನು ದಟ್ಟ ಕಾಡು ಕೊಡಲಾರದು. ಆಷಾಢ, ಶ್ರಾವಣಗಳಲ್ಲಿ ಮೋಡ ಗುಡ್ಡದ ಬೆನ್ನನ್ನು ಸವರಿಕೊಂಡು ಹೋಗುವಾಗ, ಕೆಳಗಿನ ಎರೆಹೊಲಗಳಲ್ಲಿ ಬಿಸಿಲು ಬಿದ್ದಿರುತ್ತದೆ. ಪುಣೆಯವರು ಸಹ್ಯಾದ್ರಿಯ ಕೋಟೆಗಳನ್ನು ಹತ್ತಿ ಬೆಳೆದವರಾಗಿದ್ದರೆ, ಅವರಿಗೆ ಹೊಸದಾಗಿ ಕಂಡದ್ದು ಈ ಬಯಲೇ ಇರಬೇಕು.

ಇನ್ನು ಜನಸಂದಣಿಯ ಮಾತು. 2024ರ ಜನವರಿ ಕೊನೆಯ ರಜೆಯ ದಿನಗಳಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಜಾತ್ರೆಯಂತೆ ಸೇರಿದ ಚಿತ್ರವನ್ನು ತಾವೂ ನೋಡಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆಯು ಆನ್‌ಲೈನ್ ನೋಂದಣಿ ಇಲ್ಲದ ಚಾರಣವನ್ನು ನಿಲ್ಲಿಸಿ, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ನ್ಯೂಜಿಲೆಂಡಿನ ಮಿಲ್ಫರ್ಡ್ ಟ್ರ್ಯಾಕ್ ಎಂಬ 53.5 ಕಿಲೋಮೀಟರಿನ ದಾರಿಯಲ್ಲಿ, ಋತುವಿನ ದಿನಗಳಲ್ಲಿ, ಮಾರ್ಗದರ್ಶಿಯಿಲ್ಲದೆ ಸ್ವಂತವಾಗಿ ನಡೆಯುವವರನ್ನು ದಿನಕ್ಕೆ 40ರಂತೆ ಮಾತ್ರ ಬಿಡುತ್ತಾರೆ. ಅದೂ ಒಂದೇ ದಿಕ್ಕಿನಲ್ಲಿ ನಡೆಯಬೇಕು, ಎದುರಿನಿಂದ ಯಾರೂ ಬರುವಂತಿಲ್ಲ. ಹಾಗೆಂದು ಜನ ಅದನ್ನು ಬಿಟ್ಟಿಲ್ಲ. ಜಗತ್ತಿನ ಎಲ್ಲೆಡೆಯಿಂದ ಕಾದು ಕುಳಿತು ಸೀಟು ಪಡೆಯುತ್ತಾರೆ. ತಮ್ಮೂರ ಹುಡುಗರಿಗೆ ಇದನ್ನು ತಿಳಿಸಿ. ಗೋಪುರ ಕಟ್ಟಿದರೆ ಬರುವವರು ಒಂದು ಸಲ ಬಂದು ಫೋಟೊ ತೆಗೆದುಕೊಂಡು ಅದೇ ಗಾಡಿಯಲ್ಲಿ ಹೊರಟುಹೋಗುತ್ತಾರೆ. ಹಳ್ಳದ ಕಲ್ಲಿನ ಮೇಲೆ ತಾಸುಗಟ್ಟಲೆ ಕುಳಿತವರು ರಾತ್ರಿ ತಂಗುತ್ತಾರೆ.

ಉತ್ತರ 2: ನಿವೃತ್ತ ಅರಣ್ಯ ಸಿಬ್ಬಂದಿ, ಹಾವೇರಿ ಜಿಲ್ಲೆ

ಹುಬ್ಬಳ್ಳಿಯವರು ಸೊಗಸಾಗಿ ಬರೆದಿದ್ದಾರೆ. ಆದರೆ ನಡೆಯುವವರಿಗೆ ಇಷ್ಟವಾಗುವುದೆಲ್ಲ ಗುಡ್ಡಕ್ಕೆ ಇಷ್ಟವಾಗುತ್ತದೆ ಎಂದು ತಿಳಿಯಬಾರದು ಎಂಬುದಕ್ಕೆ ನಾಲ್ಕು ಮಾತು ಸೇರಿಸುತ್ತೇನೆ.

ಮೊದಲನೆಯದಾಗಿ, ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮ. ಸುಮಾರು 244 ಚದರ ಕಿಲೋಮೀಟರ್ ಅದರ ವಿಸ್ತಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಹೊರಗಿನವರು ಕಾಲಿಡಲು ಅನುಮತಿ ಬೇಕು. ಪ್ರವಾಸಕ್ಕೂ ಅನುಮತಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಮೆಟ್ಟಿಲು, ಗೋಪುರ, ಅಂಗಡಿ ಕಟ್ಟುವುದು ಗ್ರಾಮಸ್ಥರ ಸಹಿಯಿಂದ ಆಗುವ ಕೆಲಸವಲ್ಲ. ಆದ್ದರಿಂದ ಆ ಅರ್ಜಿಯ ಅರ್ಧ ಭಾಗ ಈಗಲೇ ಬಿದ್ದುಹೋಯಿತೆಂದು ತಿಳಿಯಿರಿ.

ಎರಡನೆಯದು ನನ್ನ ಅನುಭವದ ಮಾತು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಸುತ್ತ ನಾನು ಅನೇಕ ವರ್ಷ ತಿರುಗಾಡಿದ್ದೇನೆ. ಜೀಪು ಹೋದರೆ ಕೃಷ್ಣಮೃಗಗಳು ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಅದೇ ಜೀಪಿನಿಂದ ಒಬ್ಬ ಮನುಷ್ಯ ಇಳಿದರೆ ಹಿಂಡಿಗೆ ಹಿಂಡೇ ಚಿಮ್ಮುತ್ತಿತ್ತು. ಕಾಲ್ನಡಿಗೆಯವನು ಯಾವ ಹೊಗೆಯನ್ನೂ ಬಿಡದವನು, ಯಾರಿಗೂ ತೊಂದರೆ ಕೊಡದವನು ಎಂದು ಪೇಟೆಯವರು ನಂಬಿದ್ದಾರೆ. ಬಯಲಿನ ಪ್ರಾಣಿಗೆ ಎರಡು ಕಾಲಿನ ಮೇಲೆ ನಿಂತ ಆಕೃತಿಯೇ ಭಯ. ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿ ಇವೆ. ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಗವಿಯ ಹತ್ತಿರ ಜನ ಸುಳಿದಾಡತೊಡಗಿದರೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬಿಡುತ್ತದೆ. ಗೌಜಲಕ್ಕಿ, ಟಿಟ್ಟಿಭಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ದಾರಿ ಬಿಟ್ಟು ಹತ್ತು ಹೆಜ್ಜೆ ಸರಿದವನ ಬೂಟಿನಡಿ ಏನಿದೆ ಎಂಬುದು ಅವನಿಗೇ ತಿಳಿಯುವುದಿಲ್ಲ. ಆದ್ದರಿಂದ ದಾರಿ ಒಂದೇ ಇರಲಿ, ಎಲ್ಲರೂ ಅದನ್ನೇ ಹಿಡಿಯಲಿ, ಸೂರ್ಯ ಹುಟ್ಟಿ ಒಂದು ತಾಸಿನ ನಂತರ ಹೊರಟು ಮುಳುಗುವ ಒಂದು ತಾಸಿನ ಮೊದಲು ಇಳಿದು ಬರಲಿ. ಸೂರ್ಯೋದಯ ನೋಡಲು ಕತ್ತಲಲ್ಲೇ ಹತ್ತುತ್ತೇವೆ ಎನ್ನುವವರಿಗೆ ನಿಮ್ಮ ಹೊಲದ ವಡ್ಡಿನ ಮೇಲಿನಿಂದಲೇ ತೋರಿಸಿ.

ಮೂರನೆಯದು ದಾರಿಯ ರಚನೆ. ಮೆಟ್ಟಿಲು ಬೇಡವೆಂದರೆ ದಾರಿಗೆ ಏನೂ ಮಾಡಬೇಕಾಗಿಲ್ಲ ಎಂದಲ್ಲ. ದನದ ಜಾಡು ಇಳಿಜಾರಿನಲ್ಲಿ ನೆಟ್ಟಗೆ ಮೇಲೆ ಹೋಗಿದ್ದರೆ, ಹತ್ತು ಜನ ನಡೆಯುವಾಗ ಅದು ಜಾಡು. ಸಾವಿರ ಜನ ನಡೆದರೆ ಅದೇ ಹಳ್ಳ. ತುಳಿದ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ, ಮಳೆನೀರು ಅದನ್ನೇ ಕಾಲುವೆ ಮಾಡಿಕೊಳ್ಳುತ್ತದೆ, ಮಣ್ಣು ಕೊಚ್ಚಿಹೋಗಿ ಕೊರಕಲು ಬೀಳುತ್ತದೆ. ಕೊರಕಲಿನಲ್ಲಿ ನಡೆಯಲಾಗದೆ ಜನ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ನಾಲ್ಕು ವರ್ಷದಲ್ಲಿ ಒಂದರ ಪಕ್ಕ ಒಂದು ಮೂರು ಕೊರಕಲು. ಸಿಮೆಂಟ್ ಮೆಟ್ಟಿಲು ಹಾಕಿದರೂ ಇದೇ ಗತಿ, ನೀರು ಮೆಟ್ಟಿಲಿನ ಎರಡೂ ಅಂಚನ್ನು ಕೊರೆಯುತ್ತದೆ. ಇದಕ್ಕೆ ಮದ್ದು ತಮಗೆ ಗೊತ್ತಿರುವುದೇ. ಹೊಲದಲ್ಲಿ ಇಳಿಜಾರಿಗೆ ಅಡ್ಡವಾಗಿ ವಡ್ಡು ಹಾಕಿ ನೀರನ್ನು ಹೇಗೆ ತಡೆಯುತ್ತೀರೋ ಹಾಗೆ ದಾರಿಯನ್ನೂ ಗುಡ್ಡದ ಮೈಗೆ ಓರೆಯಾಗಿ, ನಿಧಾನವಾಗಿ ಏರುವಂತೆ ಒಯ್ಯಬೇಕು. ನೂರು ಅಡಿ ನಡೆದರೆ ಹತ್ತು ಅಡಿ ಏರಿದರೆ ಸಾಕು. ದಾರಿಯ ಹೊರ ಅಂಚು ತುಸು ತಗ್ಗಿರಬೇಕು, ಆಗ ನೀರು ದಾರಿಯುದ್ದಕ್ಕೂ ಹರಿಯದೆ ಅಡ್ಡಲಾಗಿ ದಾಟಿಹೋಗುತ್ತದೆ. ಕಡಿದಾದ ಕಡೆ ಅಲ್ಲೇ ಸಿಗುವ ಕಲ್ಲನ್ನು ಓರೆಯಾಗಿ ಹೂಳಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಇಷ್ಟನ್ನು ಇಲಾಖೆಯ ಒಪ್ಪಿಗೆಯೊಂದಿಗೆ ನಿಮ್ಮೂರವರೇ ಸಲಿಕೆ, ಹಾರೆಗಳಲ್ಲಿ ಮಾಡಬಲ್ಲರು. ಪ್ರತಿ ವರ್ಷ ಮುಂಗಾರಿಗೆ ಮೊದಲು ಒಂದು ಸಲ ತಿದ್ದಿದರೆ ಮುಗಿಯಿತು, ಮತ್ತು ಅದು ಕೂಲಿಯೂ ಆಗುತ್ತದೆ.

ಕೊನೆಯದಾಗಿ ಬೆಂಕಿ. ಹೋಳಿಯ ಹೊತ್ತಿಗೆ ಕಪ್ಪತಗುಡ್ಡದ ಹುಲ್ಲು ಕಡ್ಡಿ ಗೀರಿದರೆ ಸಾಕು ಎಂಬಂತೆ ಒಣಗಿರುತ್ತದೆ. ಆಗ ಬಿಸಿಲೂ ನಡೆಯುವವರಿಗೆ ಹಿತವಲ್ಲ, ನೀರಂತೂ ಇಲ್ಲ. ಫೆಬ್ರವರಿಯಿಂದ ಮಳೆ ಬೀಳುವವರೆಗೆ ದಾರಿ ಮುಚ್ಚಿರಲಿ ಎಂದು ಊರಿನವರೇ ಕೇಳಿಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ.

ಉತ್ತರ 3: ಗದಗಿನಿಂದ ಒಬ್ಬ ಓದುಗ

ಒಂದೇ ಮಾತು. ನಮ್ಮ ಸೀಮೆಯ ಕಲ್ಲುಗುಡ್ಡಗಳಲ್ಲಿ ಉರಿಮಂಡಲ ಎಂಬ ವಿಷದ ಹಾವು ಸಾಮಾನ್ಯ. ಕುಳಿತುಕೊಳ್ಳಲು ಕಲ್ಲು ಸರಿಸುವವರೂ ಚಪ್ಪಲಿಯಲ್ಲಿ ಹತ್ತುವವರೂ ಇದನ್ನು ತಿಳಿದಿರಬೇಕು. ತಲಾ ಮೂರು ಲೀಟರ್ ನೀರಿಲ್ಲದೆ ಯಾರನ್ನೂ ಹತ್ತಲು ಬಿಡಬೇಡಿ. ಹಳ್ಳದಲ್ಲಿ ನೀರು ಕಾಣುವುದು ಮಳೆಯ ದಿನಗಳಲ್ಲಿ ಮಾತ್ರ.

ಉತ್ತರ 4: ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕಿ, ಧಾರವಾಡ

ಅಣ್ಣಾವರೇ, ನಿಮ್ಮ ಪ್ರಶ್ನೆಯನ್ನೂ ಉತ್ತರಗಳನ್ನೂ ಎರಡು ಸಲ ಓದಿದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಪ್ಪತಗುಡ್ಡಕ್ಕೆ ನಾನು ಹಲವು ಬಾರಿ ಬಂದವಳು. ಹುಬ್ಬಳ್ಳಿಯವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನಾದರೂ ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ನಿರ್ಜನತೆಯೇ ನಡೆಯುವವರನ್ನು ಸೆಳೆಯುತ್ತದೆ ಎಂಬಂತೆ ಅವರ ಬರಹ ಸಾಗಿದೆ. ಆ ಗುಡ್ಡ ಎಂದೂ ನಿರ್ಜನವಾಗಿರಲಿಲ್ಲ. ಅದರ ಬುಡದ ಹೆಣ್ಣುಮಕ್ಕಳು ತಲೆಮಾರುಗಳಿಂದ ನಡೆದ ದಾರಿಯನ್ನೇ ನಾವು ಈಗ ಕಾಡುದಾರಿ ಎಂದು ಕರೆಯುತ್ತಿದ್ದೇವೆ. 2015ರಲ್ಲಿ ಅದಕ್ಕೆ ಕೊಟ್ಟ ಸಂರಕ್ಷಿತ ಪ್ರದೇಶದ ಸ್ಥಾನಮಾನವನ್ನು ಮರುವರ್ಷವೇ ಹಿಂಪಡೆದಾಗ ಗದಗಿನ ಬೀದಿಯಲ್ಲಿ ಕುಳಿತು, 2017ರಲ್ಲಿ ಅದು ಮರಳಿ ಬರುವಂತೆ ಮಾಡಿದ್ದು ಜನರೇ. ತೋಂಟದ ಸಿದ್ಧಲಿಂಗ ಸ್ವಾಮಿಗಳು ಆ ಹೋರಾಟದ ಮುಂದೆ ನಿಂತಿದ್ದರು. ಹೊರಗಿನವರು ಅಲ್ಲಿ ಮೌನವಾಗಿ ಕುಳಿತುಕೊಳ್ಳಲು ಒಂದು ಹಳ್ಳ ಉಳಿದಿದೆ ಎಂದರೆ ಅದರ ಹಿಂದೆ ಇಷ್ಟು ಸದ್ದಾಗಿದೆ.

ನಾನು ಕಂಡಂತೆ, ನಡೆದುಬಂದವರು ಮನೆಗೆ ಹೋದ ಮೇಲೆ ನೆನೆಸುವುದು ಹೆಸರುಗಳನ್ನು. ಗುಡ್ಡ ಹತ್ತುವಾಗ ಎಲ್ಲವೂ ಅವರಿಗೆ ಬರೀ ಗಿಡ, ಬರೀ ಪೊದೆ. ಜೊತೆಗೆ ಬಂದವನು ಇದು ಬಂದರಿಕೆ, ಸೊಪ್ಪು ಮುರಿದು ಮೂಸಿ ನೋಡಿ ಎಂದೋ, ಇದು ಕವಳಿ, ಹಣ್ಣಾಗಲು ಇನ್ನೂ ದಿನಗಳಿವೆ ಎಂದೋ, ಹಳದಿ ಹೂವಿನ ಹೊನ್ನಾವರಿಕೆಯ ತೊಗಟೆಯಿಂದ ಹಿಂದೆ ತೊಗಲು ಹದ ಮಾಡುತ್ತಿದ್ದರು ಎಂದೋ ಹೇಳಿದರೆ, ಇಳಿಯುವಾಗ ಅದೇ ದಾರಿ ಪರಿಚಯದವರ ಓಣಿಯಂತೆ ಕಾಣತೊಡಗುತ್ತದೆ. ಕಾಲ ಕೆಳಗಿನ ಕಲ್ಲು ಏಕೆ ಕೆಂಪು ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದ. ಕಬ್ಬಿಣದ ಅಂಶ ತುಂಬಿದ ಬಹು ಪುರಾತನ ಶಿಲೆಯ ಪಟ್ಟಿ ಅಲ್ಲಿ ಹಾದುಹೋಗಿದೆ, ಚಿನ್ನವೂ ಅದರಲ್ಲಿದೆ, ಗುಡ್ಡಕ್ಕೆ ಗಣಿಗಾರಿಕೆಯ ಕುತ್ತು ಬಂದದ್ದೂ ಅದರಿಂದಲೇ ಎಂದು ಹೇಳುತ್ತ ಹೇಳುತ್ತ ಏರು ಮುಗಿದದ್ದೇ ತಿಳಿಯಲಿಲ್ಲ. ಫಲಕಗಳನ್ನು ನೆಟ್ಟು ಇದನ್ನು ಮಾಡಲಾಗದು. ನೆಟ್ಟ ಫಲಕವನ್ನು ಯಾರೂ ನಿಂತು ಓದುವುದಿಲ್ಲ, ಎರಡು ಬೇಸಿಗೆಗೆ ಅದರ ಅಕ್ಷರವೂ ಉಳಿಯುವುದಿಲ್ಲ.

ದಾರಿ ತಪ್ಪದಿರಲು ಗುರುತು ಬೇಕಾಗುತ್ತದೆ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಅಪಲೇಚಿಯನ್ ಟ್ರೇಲ್ ಎಂಬುದು ಸುಮಾರು 3,500 ಕಿಲೋಮೀಟರ್ ಉದ್ದದ ಕಾಲುದಾರಿ. ನನ್ನ ಅಕ್ಕನ ಮಗ ಅದರಲ್ಲಿ ಒಂದು ವಾರ ನಡೆದು ಬಂದು ಹೇಳಿದ್ದೇನೆಂದರೆ, ಇಡೀ ದಾರಿಯನ್ನು ತೋರಿಸುವುದು ಮರಕ್ಕೋ ಬಂಡೆಗೋ ಬಳಿದ, ಎರಡು ಇಂಚು ಅಗಲ, ಆರು ಇಂಚು ಉದ್ದದ ಒಂದು ಬಿಳಿ ಪಟ್ಟಿ. ಒಂದು ಪಟ್ಟಿ ಕಂಡರೆ ದಾರಿ ಸರಿ ಇದೆ, ಒಂದರ ಮೇಲೊಂದು ಎರಡು ಕಂಡರೆ ಮುಂದೆ ತಿರುವಿದೆ ಎಂದರ್ಥ. ಅದನ್ನು ಬಳಿಯುವವರೂ ದಾರಿ ಸರಿಪಡಿಸುವವರೂ ಹೆಚ್ಚಾಗಿ ಸುತ್ತಲಿನ ಊರುಗಳ ಸ್ವಯಂಸೇವಕರು. ನಿಮ್ಮ ಹುಡುಗರ ಉತ್ಸಾಹಕ್ಕೆ ಅಷ್ಟು ಸುಣ್ಣ ಸಾಕು.

ಹೆಣ್ಣುಮಕ್ಕಳ ದೃಷ್ಟಿಯಿಂದ ಮಾತ್ರ ಒಂದು ಕಟ್ಟಡ ಬೇಕೇ ಬೇಕು: ಗುಡ್ಡದ ಬುಡದಲ್ಲಿ, ಧಾಮದ ಹೊರಗೆ, ನೀರಿರುವ ಶೌಚಾಲಯ. ನಡೆಯುವ ಆಸೆಯಿದ್ದೂ ಎಷ್ಟು ಜನ ಹುಡುಗಿಯರು ಇದೊಂದು ಕಾರಣಕ್ಕೆ ಮನೆಯಲ್ಲೇ ಉಳಿಯುತ್ತಾರೆ ಎಂಬುದು, ಮೌನದ ಬಗ್ಗೆ ಬರೆಯುವ ಗಂಡಸರಿಗೆ ಹೊಳೆಯುವುದಿಲ್ಲ. ಮತ್ತೆ ಬುತ್ತಿ. ದಯವಿಟ್ಟು ಅವರಿಗೆ ಮ್ಯಾಗಿ ಮಾಡಿಕೊಡಬೇಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟ್ಟಿಕೊಡಿ; ಬಿಸಿಲಿಗೂ ಕೆಡುವುದಿಲ್ಲ, ಪ್ಲಾಸ್ಟಿಕ್ ಕಸವೂ ಉಳಿಯುವುದಿಲ್ಲ.

ಉತ್ತರ 5: ಹುಬ್ಬಳ್ಳಿಯ ಚಾರಣಿಗ

ಅಕ್ಕಾವರ ಟೀಕೆಯನ್ನು ಒಪ್ಪಿಕೊಂಡೆ. ಕುಮಾರಪರ್ವತದ ಬಗ್ಗೆ ಈಗ ನನಗೆ ಮೊದಲು ನೆನಪಾಗುವುದು ಅದರ 1,712 ಮೀಟರ್ ಎತ್ತರದ ತುದಿಯಲ್ಲ, ನಡುದಾರಿಯ ಗಿರಿಗದ್ದೆಯ ಮನೆಯಲ್ಲಿ ಬಡಿಸಿದ ಬಿಸಿ ಅನ್ನ, ಸಾರು. ಶೌಚಾಲಯದ ಮಾತು ಹೊಳೆಯದೆ ಹೋದದ್ದು ನನ್ನ ತಪ್ಪೇ.

ಪ್ರಶ್ನೆ ಕೇಳಿದವರ ಮರುಮಾತು

ತಮ್ಮೆಲ್ಲರ ಬರಹವನ್ನು ನಿನ್ನೆ ಸಂಜೆ ಕಟ್ಟೆಯ ಮೇಲೆ ಕುಳಿತು ಹುಡುಗರಿಗೆ ಓದಿ ಹೇಳಿದೆ. ಎಲ್ಲರೂ ತಲೆದೂಗಿದರೆಂದು ಹೇಳಲಾರೆ. ಏನೂ ಕಟ್ಟುವುದಿಲ್ಲವೆಂದರೆ ನಮಗೆ ಸಿಗುವುದೇನು ಎಂದು ಒಬ್ಬ ಸಿಟ್ಟಿನಿಂದಲೇ ಕೇಳಿದ. ಅದು ಕೇಳಬೇಕಾದ ಮಾತೇ. ಜೊತೆಗೆ ಹೋಗಿ ದಾರಿ ತೋರಿಸುವವರಿಗೆ ದಿನದ ಕೂಲಿ, ಬುತ್ತಿ ಕಟ್ಟುವ ಮನೆಗಳಿಗೆ ಒಂದಿಷ್ಟು, ರಾತ್ರಿ ತಂಗುವವರಿಂದ ಒಂದಿಷ್ಟು ಎಂದು ನೆಲದ ಮೇಲೆ ಗೀಚಿ ಲೆಕ್ಕ ಹಾಕಿದೆವು. ಚಹಾದಂಗಡಿಯ ಲಾಭಕ್ಕಿಂತ ಕಡಿಮೆಯೇನೂ ಆಗಲಿಲ್ಲ, ಆದರೆ ಅದು ಶ್ರಾವಣದಿಂದ ಸಂಕ್ರಾಂತಿಯವರೆಗಿನ ಲೆಕ್ಕ. ಉಳಿದ ತಿಂಗಳುಗಳಿಗೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಗಿಡಗಳ ಹೆಸರು ಬಲ್ಲವರು ಯಾರು ಎಂಬ ಮಾತು ಬಂದಾಗ ಹುಡುಗರೆಲ್ಲ ಸುಮ್ಮನಾದರು. ಹಿಂದೆ ಕುರಿ ಕಾಯುತ್ತಿದ್ದ ನಮ್ಮ ದೊಡ್ಡಪ್ಪ ಮೂಲೆಯಿಂದ ಎದ್ದು, ತಾನು ಹೇಳಿಕೊಡುತ್ತೇನೆ, ಆದರೆ ನೀವು ಹೋದ ಸಲ ಕರೆದೊಯ್ದ ದಾರಿ ಬೇಡ, ಆ ಹಳ್ಳದ ಮೇಲ್ಗಡೆಯ ಬಂಡೆಯ ಸಂದಿಯಲ್ಲಿ ತೋಳ ಮರಿ ಹಾಕಿದ್ದನ್ನು ಎರಡು ವರ್ಷ ಕಂಡಿದ್ದೇನೆ, ಆಚೆಯ ಬೆನ್ನಿನ ಮೇಲೆ ಹೋಗಿ ಎಂದರು. ಆಚೆಯ ದಾರಿ ಅರ್ಧ ತಾಸು ಹೆಚ್ಚಿನದು. ಸೋದರಳಿಯನಿಗೆ ಫೋನು ಮಾಡಿ ಕೇಳಿದರೆ, ಉದ್ದವಾದಷ್ಟೂ ಒಳ್ಳೆಯದು ಮಾಮಾ ಎಂದು ನಕ್ಕ.

ಮುಂದಿನ ಸೋಮವಾರ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಆ ದಾರಿಯ ಬಗ್ಗೆ ಮಾತನಾಡುತ್ತೇವೆ. ಅರ್ಜಿಯನ್ನು ಹೊಸದಾಗಿ ಬರೆದಿದ್ದೇವೆ, ಈ ಸಲ ಮೊದಲ ಸಹಿ ನಾನೇ ಹಾಕಿದ್ದೇನೆ. ಸಿಮೆಂಟು ಎಂಬ ಪದ ಅದರಲ್ಲಿ ಒಂದೇ ಕಡೆ ಬರುತ್ತದೆ, ಅದು ಶೌಚಾಲಯಕ್ಕೆ.